ಬಿಸಿಲು ಬಂದರೂ ನೆಲ, ನೀರು ತಣ್ಣಗೇ: ಚಳಿದೇಶದ ಮೊದಲ ಬೇಸಿಗೆಗೆ

ಚಳಿದೇಶಕ್ಕೆ ಹೊಸದಾಗಿ ಬಂದ ನಮ್ಮವರು ಮೊದಲ ಬೆಚ್ಚನೆಯ ಶನಿವಾರವೇ ಎರಡು ಕೆಲಸಕ್ಕೆ ಹೊರಡುತ್ತಾರೆ: ಹಿತ್ತಲಲ್ಲಿ ಸಸಿ ನೆಡುವುದು, ಇಲ್ಲವೇ ಸರೋವರಕ್ಕೆ ಇಳಿಯುವುದು. ಎರಡಕ್ಕೂ ಸ್ವಲ್ಪ ತಡೆಯಿರಿ. ಗಾಳಿ ಒಂದೇ ದಿನದಲ್ಲಿ ಬಿಸಿಯಾಗುತ್ತದೆ. ಮಣ್ಣಿಗೆ ವಾರಗಳು ಬೇಕು, ದೊಡ್ಡ ಸರೋವರಕ್ಕೂ ಸಮುದ್ರಕ್ಕೂ ತಿಂಗಳುಗಳೇ ಬೇಕು.

ಕೊನೆಯ ಹಿಮ (ಫ್ರಾಸ್ಟ್, ಅಂದರೆ ರಾತ್ರಿಯ ಚಳಿಗೆ ಗಿಡಗಳ ಮೇಲೆ ಹೆಪ್ಪುಗಟ್ಟುವ ಇಬ್ಬನಿ) ಸಾಮಾನ್ಯವಾಗಿ ಯಾವಾಗ ಬೀಳುತ್ತದೆ ಎಂದು ನೆರೆಮನೆಯ ಹಿರಿಯರನ್ನು ಕೇಳಿ. ಟೊಮೆಟೊ, ಬದನೆ, ಮೆಣಸಿನ ಸಸಿಗಳು ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾಗಿ ಜೋತುಬೀಳುತ್ತವೆ. ಹಿಮದ ಭಯ ಕಳೆದರೂ ಮಣ್ಣಿನ ಉಷ್ಣಾಂಶ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಲಿ. ತಣ್ಣನೆಯ ಒದ್ದೆ ನೆಲದಲ್ಲಿ ಹುರುಳಿಕಾಯಿ ಬೀಜ ಮೊಳೆಯುವ ಮೊದಲೇ ಕೊಳೆತುಹೋಗುತ್ತದೆ. ಮನೆಯೊಳಗೆ ಬೆಳೆಸಿದ ಸಸಿಗಳನ್ನು ಒಂದು ವಾರ, ಹತ್ತು ದಿನ ಹೊರಗಿನ ಗಾಳಿಬಿಸಿಲಿಗೆ ಪಳಗಿಸಿ: ಮೊದಲು ನೆರಳಿನಲ್ಲಿ ಒಂದೆರಡು ಗಂಟೆ, ಆಮೇಲೆ ಹೆಚ್ಚು ಹೊತ್ತು. ಕೊತ್ತಂಬರಿ, ಪಾಲಕ್ ಮಾತ್ರ ತಂಪಿರುವಾಗಲೇ ಬಿತ್ತಬೇಕು. ಬೇಸಿಗೆಯ ದೀರ್ಘ ಹಗಲಿಗೆ ಅವು ಎಲೆ ಬಿಡುವುದನ್ನು ಮರೆತು ಹೂವಿಗೆ ಹೋಗುತ್ತವೆ. ಅದು ನಿಮ್ಮ ಕೈಗುಣದ ದೋಷವಲ್ಲ.

ಸೂಟ್‌ಕೇಸಿನಲ್ಲಿ ಬೀಜ ತರುವ ಆಸೆ ಎಲ್ಲರಿಗೂ ಇರುತ್ತದೆ. ಅನೇಕ ದೇಶಗಳಲ್ಲಿ ಹೇಳದೆ ತಂದರೆ ದಂಡ ಬೀಳುತ್ತದೆ. ನಿಯಮ ಓದಿ, ಅನುಮಾನವಿದ್ದರೆ ಅಲ್ಲಿಯೇ ಕೊಳ್ಳಿ. ಆಳವಾಗಿ ಅಗೆಯುವ ಮುನ್ನ ನೆಲದಡಿಯ ಗ್ಯಾಸ್ ಮತ್ತು ವಿದ್ಯುತ್ ಮಾರ್ಗಗಳನ್ನು ವಿಚಾರಿಸಿ. ತೀರಾ ಹಳೆಯ ಮನೆಯಾದರೆ ಗೋಡೆಯ ಬದಿಯ ಮಣ್ಣಿನಲ್ಲಿ ಹಳೆಯ ಬಣ್ಣದ ಸೀಸ ಸೇರಿರಬಹುದು. ಅಲ್ಲಿ ಸೊಪ್ಪು ಬೆಳೆಯಬೇಡಿ, ಹಲಗೆಯ ಕಟ್ಟೆ ಕಟ್ಟಿ ಹೊಸ ಮಣ್ಣು ತುಂಬಿಸಿ. ಬಾಡಿಗೆ ಮನೆಯವರು ಮಾಲೀಕರನ್ನು ಕೇಳದೆ ಹುಲ್ಲುಹಾಸು ಕಿತ್ತು ಜಗಳಕ್ಕೆ ಆಸ್ಪದ ಕೊಡುವುದಕ್ಕಿಂತ ಕುಂಡಗಳೇ ಮೇಲು.

ತೋಟದಲ್ಲಿ ಆತುರಪಟ್ಟರೆ ನಾಲ್ಕು ಸಸಿ ಹೋಗುತ್ತವೆ. ನೀರಿನಲ್ಲಿ ಹಾಗಲ್ಲ.

ಹೊರಗೆ 28 ಡಿಗ್ರಿ ಇದ್ದ ದಿನವೂ ನೀರು 12 ಡಿಗ್ರಿಯಲ್ಲೇ ಇರಬಹುದು. ನೀರು 15 ಡಿಗ್ರಿಗಿಂತ ತಣ್ಣಗಿದ್ದರೆ ಬಿದ್ದ ಕ್ಷಣವೇ ಬಾಯಿ ತಾನಾಗಿ ತೆರೆದು ಏದುಸಿರು ಶುರುವಾಗುತ್ತದೆ, ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ. ಆಗ ಬಾಯಿ ನೀರಿನಡಿ ಇದ್ದರೆ ಎಂಥ ಈಜುಗಾರನೂ ಉಳಿಯುವುದು ಕಷ್ಟ. ಈ ಏದುಸಿರು ಮೊದಲ ಒಂದೆರಡು ನಿಮಿಷಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಕೈಕಾಲು ಬಡಿಯದೆ ಅಂಗಾತ ತೇಲಿ, ಉಸಿರು ಹತೋಟಿಗೆ ಬಂದ ಮೇಲೆ ದಡದತ್ತ ಹೊರಡಿ. ಊರಿನ ಬಾವಿಯಲ್ಲಿ ಈಜಿ ಬೆಳೆದವರಿಗೂ ಈ ಮಾತು ಅನ್ವಯಿಸುತ್ತದೆ.

ಕಯಾಕ್ ಎಂಬ ಕಿರುದೋಣಿ ಅಥವಾ ನಿಂತು ಹುಟ್ಟುಹಾಕುವ ಪ್ಯಾಡಲ್‌ಬೋರ್ಡ್ ಹಲಗೆ ಹತ್ತುವವರು ಮೊದಲು ಲೈಫ್ ಜಾಕೆಟ್ ತೊಡಲಿ, ಫೋಟೋ ಆಮೇಲೆ. ಜಾಕೆಟ್ಟಿನ ಮೇಲಿನ ಸಂಖ್ಯೆ ನೋಡಿ, ಅದು ತೇಲಿಸುವ ಬಲದ ಅಳತೆ: 50 ನ್ಯೂಟನ್‌ನದು ಈಜು ಬಲ್ಲವರಿಗೆ ಆಸರೆ ಅಷ್ಟೇ, ಈಜು ಬಾರದವರಿಗೆ 100 ಅಥವಾ ಹೆಚ್ಚಿನದು ಬೇಕು. ದಡದಿಂದ ನೀರಿನ ಕಡೆಗೆ ಬೀಸುವ ಗಾಳಿಯನ್ನು ಅನುಮಾನಿಸಿ. ದಡದ ಬಳಿ ನೀರು ನಿಶ್ಚಲವಾಗಿ ಕಾಣುತ್ತದೆ, ಆದರೆ ಗಾಳಿ ತುಂಬಿದ ಹಾಸಿಗೆ, ಆಟದ ದೋಣಿಗಳನ್ನು ಆ ಬೀಸುಗಾಳಿ ಸದ್ದಿಲ್ಲದೆ ಒಳಕ್ಕೆ ಒಯ್ಯುತ್ತದೆ. ಮಕ್ಕಳನ್ನು ಅವುಗಳ ಮೇಲೆ ಕಡಲಿಗೆ ಬಿಡಲೇಬೇಡಿ. ಕಾವಲುಗಾರರಿರುವ ತೀರದಲ್ಲಿ ಅವರು ಬಾವುಟ ನೆಟ್ಟು ಗುರುತಿಸಿದ ಜಾಗದಲ್ಲೇ ಇಳಿಯಿರಿ. ಒಳಸೆಳೆತಕ್ಕೆ ಸಿಕ್ಕರೆ ಅದಕ್ಕೆದುರಾಗಿ ಈಜಿ ಸುಸ್ತಾಗದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಸರೋವರದ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಟ್ಟಿದ್ದರೆ ಮಕ್ಕಳನ್ನೂ ನಾಯಿಯನ್ನೂ ದೂರವಿಡಿ, ಅದು ವಿಷಕಾರಿಯಾಗಿರಬಹುದು. ಗಾಳ ಹಾಕುವವರು ಪರವಾನಗಿ ಬೇಕೇ ಎಂದು ಮೊದಲೇ ನೋಡಿಕೊಳ್ಳಿ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿ ಒಯ್ಯುವ ಮುನ್ನ ನೀರು ಬಸಿದು, ತೊಳೆದು, ಪೂರ್ತಿ ಒಣಗಿಸಿ. ಅಂಟಿಕೊಂಡ ಕಳೆಯ ತುಂಡೊಂದು ಸಾಕು, ಹೊಸ ನೀರಿನಲ್ಲಿ ಹಬ್ಬಲು.