ಕೆಟ್ಟ ತಿಂಗಳಲ್ಲೇ ಊರು ನೋಡಿ: ಆರ್‌ವಿಯಲ್ಲಿ ಮನೆ ಹುಡುಕಿದ ನಮ್ಮ ಅನುಭವ

ಟೆನ್ನೆಸ್ಸಿಯ ಚಾಟನೂಗಾದಲ್ಲಿ ನಾವು ಮನೆ ತೆಗೆದುಕೊಂಡು ವರ್ಷ ದಾಟಿತು. ನ್ಯೂಜೆರ್ಸಿಯ ಮನೆ ಮಾರಿ, ನೆಲೆಸೋಕೆ ಊರು ಹುಡುಕುತ್ತಾ ಆರ್‌ವಿ (ಒಳಗೇ ಅಡುಗೆ, ಮಲಗೋದು ಎಲ್ಲ ಆಗುವ ಮನೆಯಂಥ ಗಾಡಿ) ಹತ್ತಿದಾಗ "ಆರು ತಿಂಗಳಲ್ಲಿ ವಾಪಸ್ ಬರ್ತೀರಿ ಬಿಡಿ" ಅಂದವರೇ ಈಗ ಫೋನ್ ಮಾಡಿ, "ಊರು ಹೇಗೆ ಆರಿಸಿದಿರಿ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬ್ಲ್ಯಾಕ್ ಟ್ಯಾಂಕ್ (ಶೌಚದ ತೊಟ್ಟಿ) ಖಾಲಿ ಮಾಡೋದು ಹೇಗೆ, ಗಾಡಿ ಲೆವೆಲ್ ಮಾಡೋದು ಹೇಗೆ ಅನ್ನೋದೆಲ್ಲ ಇಲ್ಲಿ ಇಲ್ಲ. ಅದು ನಿಮಗೆ ಗೊತ್ತೇ ಇದೆ.

ನಾವು ಮಾಡಿದ್ದು ಇಷ್ಟೇ. ಒಂದು ಊರು ಮನಸ್ಸಿಗೆ ಬಂದರೆ, ಆ ಊರಿನ ಅತಿ ಕೆಟ್ಟ ತಿಂಗಳು ಯಾವುದು ಅಂತ ಪತ್ತೆ ಮಾಡೋದು. ಆ ತಿಂಗಳಲ್ಲೇ ಹೋಗಿ ಒಂದು ತಿಂಗಳು ಅಲ್ಲೇ ಇರೋದು. ಆರ್‌ವಿ ಇರುವವರೆಲ್ಲ ಚಳಿಗಾಲಕ್ಕೆ ದಕ್ಷಿಣಕ್ಕೆ, ಬೇಸಿಗೆಗೆ ಉತ್ತರಕ್ಕೆ ಹೋಗ್ತಾರೆ. ನಾವು ಉಲ್ಟಾ. ಜುಲೈನಲ್ಲಿ ಅರಿಝೋನಾದ ಟೂಸಾನ್, ಜನವರಿಯಲ್ಲಿ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್. ಚೆನ್ನಾಗಿರೋ ತಿಂಗಳಲ್ಲಿ ಊರು ನೋಡೋದು ಹೆಣ್ಣು ನೋಡೋ ಶಾಸ್ತ್ರ ಇದ್ದ ಹಾಗೆ. ಅವತ್ತು ಉಪ್ಪಿಟ್ಟು, ಕೇಸರಿಬಾತ್ ಎಲ್ಲ ಚೆನ್ನಾಗೇ ಇರುತ್ತೆ.

ಇದಕ್ಕೆ ಮನೆಯವಳೊಬ್ಬಳನ್ನು ಬಿಟ್ಟು ಯಾರೂ ಒಪ್ಪಲಿಲ್ಲ. ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿರುವ ಮಗಳು, "ಅಪ್ಪ, ವಿಮಾನದಲ್ಲಿ ಹೋಗಿ ಒಂದು ವಾರ ಹೋಟೆಲಲ್ಲಿದ್ದು ನೋಡಿ ಬನ್ನಿ, ಸಾಕು" ಅಂದಳು. ಗೆಳೆಯನೊಬ್ಬ ದೊಡ್ಡ ಎಕ್ಸೆಲ್ ಶೀಟ್ ಮಾಡಿಕೊಟ್ಟ. ಟ್ಯಾಕ್ಸು, ಮಳೆ, ಆಸ್ಪತ್ರೆ, ಎಲ್ಲಕ್ಕೂ ಅಂಕ. ಆ ಶೀಟಿನ ಪ್ರಕಾರ ನಾವು ಇವತ್ತು ಆರೆಗಾನ್‌ನಲ್ಲಿ ಇರಬೇಕಿತ್ತು. ಅಲ್ಲಿ ಏನಾಯಿತು ಅಂತ ಮುಂದೆ ಹೇಳ್ತೀನಿ.

ಮೊದಲು ಗಾಡಿ. 28 ಅಡಿಯ ಕ್ಲಾಸ್ ಸಿ (ವ್ಯಾನಿನ ಚಾಸಿಸ್ ಮೇಲೆ ಕಟ್ಟಿದ ಆರ್‌ವಿ), ಫೋರ್ಡ್ ವಿ10 ಎಂಜಿನ್, 30 ಆಂಪ್ ಕರೆಂಟ್ ಸಂಪರ್ಕ. ಕೊಂಡಾಗಲೇ ಒಂಬತ್ತು ವರ್ಷ ಹಳೆಯದು, 58,000 ಡಾಲರ್ ಆಸುಪಾಸು ಕೊಟ್ಟೆವು. ಗ್ಯಾಲನ್‌ಗೆ ಎಂಟು ಮೈಲಿ, ಇಳಿಜಾರಿದ್ದರೆ ಒಂಬತ್ತು. ಹಿಂದೆ ಕಟ್ಟಿಕೊಂಡು ಹೋಗೋಕೆ 2012ರ ಹೋಂಡಾ ಸಿಆರ್‌ವಿ ಕಾರು, ನಾಲ್ಕೂ ಚಕ್ರ ನೆಲದಲ್ಲೇ ಇಟ್ಟು ಎಳೆಯಬಹುದಾದ ಮಾಡೆಲ್ಲು. ಆರ್‌ವಿಯ ಟೈರುಗಳು ನೋಡೋಕೆ ಹೊಸದರಂತೆ ಇದ್ದವು. ಟೈರಿನ ಪಕ್ಕದಲ್ಲಿರುವ, ತಯಾರಾದ ವಾರ-ವರ್ಷ ಹೇಳುವ ನಾಲ್ಕಂಕಿಯ ಡಾಟ್ ಕೋಡ್ ಓದಿದರೆ ಏಳು ವರ್ಷ ಹಳೆಯವು. ಅದನ್ನು ತೋರಿಸಿಯೇ ಬೆಲೆ ಇಳಿಸಿದೆ. ಮಾರುವವನಿಗೆ ಆ ಕೋಡ್ ಇದೆ ಅಂತಲೇ ಗೊತ್ತಿರಲಿಲ್ಲ.

ಹತ್ತು ವರ್ಷದ ಕಾಟ ನಿಮಗೂ ಗೊತ್ತಿರಬೇಕು. ಗಾಡಿಗೆ ಹತ್ತು ದಾಟಿದ ಕೂಡಲೇ ಎಷ್ಟೋ ಆರ್‌ವಿ ಪಾರ್ಕಿನವರು (ಗಾಡಿ ನಿಲ್ಲಿಸೋಕೆ ಬಾಡಿಗೆಗೆ ಜಾಗ ಕೊಡುವವರು) "ಫೋಟೊ ಕಳಿಸಿ" ಅಂತಾರೆ. ಮನೆಯವಳು ಪಾಲಿಶ್ ಮೆಷಿನ್ ಹಿಡಿದು ಮೂರು ದಿನ ಫೈಬರ್‌ಗ್ಲಾಸ್ ಉಜ್ಜಿದಳು. ಆಮೇಲೆ ತೆಗೆದ ಫೋಟೊ ನೋಡಿ ಯಾರೂ ಬೇಡ ಅನ್ನಲಿಲ್ಲ. ಫೋಟೊ ಎಲ್ಲಿಂದ, ಎಷ್ಟು ಹೊತ್ತಿಗೆ ತೆಗೆಯಬೇಕು ಅನ್ನೋದು ಅವಳ ಕೈಚಳಕ, ಅದನ್ನು ಹೇಳಬಾರದು ಅಂತ ಅಪ್ಪಣೆಯಾಗಿದೆ.

ನ್ಯೂಜೆರ್ಸಿಯ ಮನೆ ಮಾರಿದ ಮೇಲೆ ಕಾಗದಪತ್ರಕ್ಕೆ ವಿಳಾಸ ಸೌತ್ ಡಕೋಟದ್ದು. ನಾವು ಮಾಡಿಸಿದಾಗ, ಒಂದು ರಾತ್ರಿ ಅಲ್ಲಿ ಉಳಿದ ರಸೀದಿ ಮತ್ತು ನಾವಿರುವಲ್ಲಿಗೆ ಟಪಾಲು ಕಳಿಸುವ ಕಂಪನಿಯಲ್ಲಿ ಒಂದು ಅಂಚೆ ಡಬ್ಬಿ ಇದ್ದರೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತಿತ್ತು. ರಾಜ್ಯದ ಇನ್ಕಂ ಟ್ಯಾಕ್ಸ್ ಇಲ್ಲ. ಮೆಡಿಕೇರ್ (65 ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆ) ವಿಷಯದಲ್ಲಿ ಮಾತ್ರ ಅಗ್ಗ ಅಂತ ಖಾಸಗಿ ಕಂಪನಿಗಳು ನಡೆಸುವ ಅಡ್ವಾಂಟೇಜ್ ಪ್ಲ್ಯಾನ್‌ಗೆ ಹೋಗಬೇಡಿ. ಅದರ ಡಾಕ್ಟರ್‌ಗಳ ನೆಟ್‌ವರ್ಕ್ ಸಾಮಾನ್ಯವಾಗಿ ಊರಿನ ಸುತ್ತಮುತ್ತ ಮಾತ್ರ. ನಾವು ಮೂಲ ಮೆಡಿಕೇರ್ ಜೊತೆಗೆ ಮೆಡಿಗ್ಯಾಪ್ (ಮೆಡಿಕೇರ್ ಕೊಡದೆ ಉಳಿಸುವ ಪಾಲಿಗೆ ಖಾಸಗಿ ವಿಮೆ) ಇಟ್ಟುಕೊಂಡೆವು. ತಿಂಗಳಿಗೆ ಜಾಸ್ತಿ ಹೋಗುತ್ತೆ, ಆದರೆ ಮೆಡಿಕೇರ್ ಒಪ್ಪುವ ಯಾವ ಊರಿನ ಡಾಕ್ಟರ ಹತ್ತಿರವೂ ನಡೆಯುತ್ತೆ. 65 ತುಂಬಿ ಪಾರ್ಟ್ ಬಿ (ಮೆಡಿಕೇರ್‌ನಲ್ಲಿ ಡಾಕ್ಟರ ಖರ್ಚಿನ ಭಾಗ) ಶುರುವಾದ ಮೊದಲ ಆರು ತಿಂಗಳಲ್ಲಿ ಮೆಡಿಗ್ಯಾಪ್ ತೆಗೆದುಕೊಂಡರೆ ಕಾಯಿಲೆ ಇದೆ ಅಂತ ಯಾರೂ ಬೇಡ ಅನ್ನುವ ಹಾಗಿಲ್ಲ.

ಈಗ ಟೂಸಾನ್. ಜುಲೈ. ಮಧ್ಯಾಹ್ನ 105 ಡಿಗ್ರಿ ಫ್ಯಾರನ್‌ಹೀಟ್. ಜನವರಿಯಲ್ಲಿ ತಿಂಗಳಿಗೆ ಸಾವಿರ ಡಾಲರ್ ದಾಟುವ ಜಾಗ ನಮಗೆ 450ಕ್ಕೆ ಸಿಕ್ಕಿತು, ಕರೆಂಟ್ ಬೇರೆ. ಅಲ್ಲಿಗೆ ಖುಷಿ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ಪಾರ್ಕಿನಲ್ಲಿದ್ದ ಎಲ್ಲರ ಎಸಿಯೂ ಓಡುವಾಗ ವೋಲ್ಟೇಜ್ ಇಳಿಯುತ್ತಾ ಬರುತ್ತಿತ್ತು. 112, 108, 105. 104ಕ್ಕಿಂತ ಕೆಳಗೆ ಹೋದ ಕೂಡಲೇ ನಮ್ಮ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಕಾಯುವ ಪೆಟ್ಟಿಗೆ) ಟಕ್ ಅಂತ ಕರೆಂಟ್ ಕಡಿಯುತ್ತಿತ್ತು. ಎಸಿ ಉಳಿಯಿತು, ನಾವು ಬೆಂದೆವು. ಪಕ್ಕದ ಗಾಡಿಯವರು ಪ್ರೊಟೆಕ್ಟರ್ ಇಲ್ಲದೆ ಓಡಿಸಿ ಕಂಪ್ರೆಸರ್ ಸುಟ್ಟುಕೊಂಡರು. ಪಾರ್ಕಿನ ಹೆಸರು ಬೇಡ, ಈಗ ಸರಿ ಮಾಡಿಸಿದ್ದಾರಂತೆ.

ಅಲ್ಲಿ ಮಾಡಿದ್ದು: ಎಸಿಗೆ ಸಾಫ್ಟ್ ಸ್ಟಾರ್ಟ್ (ಶುರುವಾಗುವಾಗ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯದಂತೆ ತಡೆಯುವ ಸಾಧನ) ಹಾಕಿದೆ, 300 ಚಿಲ್ಲರೆ ಡಾಲರ್. ಕಿಟಕಿಗಳಿಗೆಲ್ಲ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ. ಫ್ರಿಜ್ ಇರುವ ಪಕ್ಕ ಉತ್ತರಕ್ಕೆ ಬರುವ ಹಾಗೆ ಗಾಡಿ ತಿರುಗಿಸಿ ನಿಲ್ಲಿಸಿದೆ. ಗ್ಯಾಸ್ ಫ್ರಿಜ್ಜು ಆ ಬಿಸಿಲಿಗೆ ಕೈ ಕೊಡುತ್ತೆ, ಹಾಲು ಮಧ್ಯಾಹ್ನಕ್ಕೇ ಒಡೆಯುತ್ತಿತ್ತು. ಫ್ರಿಜ್ಜಿನ ಹಿಂದಿನ ಗಾಳಿಕಿಂಡಿಯಲ್ಲಿ ಕಂಪ್ಯೂಟರಿನ ಎರಡು ಹಳೇ ಫ್ಯಾನ್ ಕೂರಿಸಿದ ಮೇಲೆ ಮೊಸರು ಹುಳಿಯಾಗೋದು ನಿಂತಿತು. ಫ್ಯಾನು ಗಾಳಿಯನ್ನು ಮೇಲಕ್ಕೆ ದಬ್ಬಬೇಕು, ಒಳಕ್ಕಲ್ಲ.

ಟೂಸಾನ್ ಬೇಡ ಅನ್ನಿಸಿದ್ದು ಬಿಸಿಲಿಗಲ್ಲ. ಮಳೆ ಶುರುವಾದ ಮೇಲೆ ಸಂಜೆಗಳು ಎಷ್ಟು ಚೆಂದ ಅಂದ್ರೆ, ಇವಳು ಅಲ್ಲೇ ಉಳಿಯೋಣ ಅಂದಿದ್ದಳು. ಕೈಕೊಟ್ಟಿದ್ದು ನಮ್ಮ ಫೋನ್ ಪರೀಕ್ಷೆ. ಪ್ರತಿ ಊರಿಗೆ ಹೋದ ಮೊದಲ ವಾರವೇ ಮೂರ್ನಾಲ್ಕು ಕ್ಲಿನಿಕ್‌ಗೆ ಫೋನ್ ಮಾಡಿ, "ಹೊಸ ಪೇಶೆಂಟು, ಮೆಡಿಕೇರ್. ಮೊದಲ ಅಪಾಯಿಂಟ್‌ಮೆಂಟ್ ಯಾವಾಗ?" ಅಂತ ಕೇಳುತ್ತಿದ್ದೆವು. ಅಲ್ಲಿ ನಾವು ಕೇಳಿದ ಕಡೆಯೆಲ್ಲ ನಾಲ್ಕು ತಿಂಗಳು, ಐದು ತಿಂಗಳು. ಬೆಂಗಳೂರಿಗೆ ಹೊರಡೋಕೆ ದೊಡ್ಡ ವಿಮಾನ ನಿಲ್ದಾಣ ಬೇಕು ಅಂದರೂ 110 ಮೈಲಿ ದೂರದ ಫೀನಿಕ್ಸ್‌ಗೆ ಓಡಬೇಕು. ಬಿಟ್ಟೆವು.

ಎಕ್ಸೆಲ್ ಶೀಟಿನ ಚಿನ್ನದ ಪದಕ ಆರೆಗಾನ್‌ನ ಮೆಡ್‌ಫರ್ಡ್ ಕಡೆಗೆ ಹೋಗಿತ್ತು. ಸೇಲ್ಸ್ ಟ್ಯಾಕ್ಸ್ ಇಲ್ಲ, ಪಿಯರ್ ತೋಟಗಳು, ಪಕ್ಕದ ಆ್ಯಶ್‌ಲ್ಯಾಂಡ್‌ನಲ್ಲಿ ನಾಟಕಗಳು. ನಾವು ಹೋಗಿದ್ದು ಆಗಸ್ಟ್ ಕೊನೆಗೆ. ಕಾಡ್ಗಿಚ್ಚಿನ ಹೊಗೆ ಆ ಕಣಿವೆಗೆ ಇಳಿದು ಕೂತಿತ್ತು. ಬೆಳಿಗ್ಗೆ ಎದ್ದರೆ ಡ್ಯಾಶ್‌ಬೋರ್ಡ್ ಮೇಲೆ ತೆಳುವಾಗಿ ಬೂದಿ. ಇವಳಿಗೆ ಸ್ವಲ್ಪ ಉಬ್ಬಸ ಇದೆ. ಒಂದು ತಿಂಗಳಿನ ದುಡ್ಡು ಕಟ್ಟಿದ್ದೆವು, ಒಂದು ವಾರಕ್ಕೇ ಗಾಡಿ ಎತ್ತಿದೆವು. ಉಳಿದ ದುಡ್ಡು ವಾಪಸ್ ಬರಲಿಲ್ಲ. ಬರದಿದ್ದರೂ ಅದು ಲಾಭವೇ. ಮೇ ತಿಂಗಳಲ್ಲಿ ಹೋಗಿದ್ದರೆ ನಾವು ಅಲ್ಲಿ ಖಂಡಿತ ಮನೆ ಕೊಳ್ಳುತ್ತಿದ್ದೆವು.

ನ್ಯೂ ಮೆಕ್ಸಿಕೋದ ಲಾಸ್ ಕ್ರೂಸಸ್‌ನಲ್ಲಿ ಕೆಟ್ಟ ಕಾಲ ಅಂದರೆ ಮಾರ್ಚ್, ಏಪ್ರಿಲ್‌ನ ಗಾಳಿ. ಅಡ್ಡಗಾಳಿಗೆ ರಾತ್ರಿಯಿಡೀ ಗಾಡಿ ತೂಗುತ್ತೆ. ಸ್ಲೈಡ್‌ನ (ಗಾಡಿಯ ಬದಿಯಿಂದ ಹೊರಕ್ಕೆ ಚಾಚುವ ಭಾಗ) ರಬ್ಬರ್ ದಾಟಿ ಧೂಳು ಒಳಗೆ ಬಂದು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೂ ಕೂರುತ್ತಿತ್ತು. ಗಾಡಿಯ ಪಕ್ಕ ನೆರಳಿಗೆ ಹರಡುವ ಆನಿಂಗ್ ಬಟ್ಟೆ ಹರಿದು 900 ಡಾಲರ್ ಹೋಯಿತು. ಅಷ್ಟಾದರೂ ಊರು ನಮಗೆ ಹಿಡಿಸಿತು. ಅಲ್ಲಿನ ಜನ ಗಾಳಿಗೆ ಬೈಯುತ್ತಲೇ ನಗುತ್ತಾರೆ. ಮಗಳು ತೀರಾ ದೂರ ಅನ್ನೋ ಒಂದೇ ಕಾರಣಕ್ಕೆ ಅದು ಎರಡನೇ ಸ್ಥಾನಕ್ಕೆ ಇಳಿಯಿತು. ಟೆಕ್ಸಾಸ್‌ಗೆ ಇನ್ಕಂ ಟ್ಯಾಕ್ಸ್ ಇಲ್ಲ ಅಂತ ಹೋಗುವವರು ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಮೊದಲು ನೋಡಿ. 65 ದಾಟಿದವರಿಗೆ ಸ್ಕೂಲ್ ಟ್ಯಾಕ್ಸ್ ಮೇಲೇರದಂತೆ ತಡೆ ಇದೆ, ಆದರೆ ಅದು ಶುರುವಾಗೋದೇ ಎತ್ತರದಿಂದ. ಫ್ಲಾರಿಡಾಗೆ ಸೆಪ್ಟೆಂಬರ್‌ನಲ್ಲಿ ಹೋದೆವು, ಚಂಡಮಾರುತದ ಸುದ್ದಿ ಬಂತು, ಉತ್ತರಕ್ಕೆ ಓಡಿದೆವು. ಮನೆ ಇನ್ಶೂರೆನ್ಸ್‌ನ ಕೊಟೇಶನ್ ನೋಡಿದ ಮೇಲೆ ಹಿಂತಿರುಗಿ ನೋಡಲಿಲ್ಲ.

ಕೈ ಖಾಲಿಯಾದಾಗ ಮಾತ್ರ ನಿಯಮ ಮುರಿದು ಎಲ್ಲರ ಹಾಗೆ ಅರಿಝೋನಾದ ಕ್ವಾರ್ಟ್ಸೈಟ್‌ಗೆ ಹೋಗುತ್ತಿದ್ದೆವು. ಸರ್ಕಾರಿ ಮರುಭೂಮಿ ಜಾಗ, ನಾವು ಹೋದಾಗ 180 ಡಾಲರ್ ಕಟ್ಟಿದರೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಬಹುದಿತ್ತು. ನೀರು, ಡಂಪ್ ಸ್ಟೇಷನ್ (ಕೊಳಚೆ ತೊಟ್ಟಿ ಖಾಲಿ ಮಾಡುವ ಜಾಗ) ಅದರಲ್ಲೇ ಬಂತು. ಅಮೆರಿಕ ಸರ್ಕಾರದ ಉದ್ಯಾನಗಳಿಗೆ ಸಿಗುವ 80 ಡಾಲರ್‌ನ ಸೀನಿಯರ್ ಪಾಸ್ ಕೂಡ ಹಾಗೆಯೇ. 62 ದಾಟಿದವರು ಒಮ್ಮೆ ಕೊಟ್ಟರೆ ಜೀವನಪೂರ್ತಿ, ಆರ್ಮಿ ಕೋರ್‌ನ (ಸೇನೆಯ ಎಂಜಿನಿಯರ್ ವಿಭಾಗ) ಕೆರೆ ದಂಡೆಯ ಕ್ಯಾಂಪುಗಳಲ್ಲಿ ಅರ್ಧ ದರ. 2017ರ ಆಗಸ್ಟ್‌ವರೆಗೆ ಅದು ಬರೀ ಹತ್ತು ಡಾಲರ್ ಇತ್ತು ಅಂತ ಹಳಬರು ಈಗಲೂ ಹೊಟ್ಟೆ ಉರಿಸುತ್ತಾರೆ.

ಕ್ವಾರ್ಟ್ಸೈಟ್‌ನಲ್ಲಿ ಕೂತಾಗ ಸುಮ್ನೆ ಇರೋಕಾಗದೆ ದೋಸೆ ಹಿಟ್ಟಿನ ಪ್ರಯೋಗ ಮಾಡಿದೆವು. 400 ವಾಟ್ ಸೋಲಾರ್, 200 ಆಂಪ್ ಅವರ್ ಲಿಥಿಯಂ ಬ್ಯಾಟರಿ, 2000 ವಾಟ್ ಇನ್ವರ್ಟರ್. ಬಿಸಿಲು ಚೆನ್ನಾಗಿದ್ದಾಗ ಗ್ರೈಂಡರ್ ಆರಾಮಾಗಿ ಓಡುತ್ತೆ. ತೊಂದರೆ ಹುದುಗು ಬರಿಸೋದು. ಮರುಭೂಮಿ ರಾತ್ರಿ ಕೊರೆಯುತ್ತೆ. ಓವನ್ನಿನ ಪೈಲಟ್ ಉರಿಯ ಬಿಸಿ ಜಾಸ್ತಿಯಾಗಿ ಹಿಟ್ಟು ಅಂಚಿನಲ್ಲಿ ಬೆಂದಿತು. ಕೊನೆಗೆ ಇನ್ವರ್ಟರ್ ಪಕ್ಕದ ಗೂಡಿನಲ್ಲಿ ಟವೆಲ್ ಸುತ್ತಿ ಇಟ್ಟರೆ ಬೆಳಿಗ್ಗೆಗೆ ಪಾತ್ರೆ ತುಂಬ ಉಬ್ಬಿರುತ್ತಿತ್ತು. 7000 ಅಡಿ ಹತ್ತಿರದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯೋ ಮಾತೇ ಇಲ್ಲ. ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಇನ್ನೊಂದು ಪಾಠ. ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳಲ್ಲ. ಹೊರಗಿನ ಡಬ್ಬಿಯಿಂದ ಬಿಚ್ಚಿ ಮಂಚದ ಕೆಳಗೆ ತಂದಿಟ್ಟೆ.

ಚಾಟನೂಗಾ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅಟ್ಲಾಂಟಾಗೆ ಹೋಗುವ ದಾರಿಯಲ್ಲಿ ಬ್ರೇಕ್ ಸದ್ದು ಮಾಡಿತು ಅಂತ ನಿಂತೆವು. ರಿಪೇರಿಗೆ 1,400 ಆಯಿತು. ಕಾಯುವಾಗ ಊರು ನೋಡಿದೆವು. ಅಲ್ಲಿ ಕೆಟ್ಟ ತಿಂಗಳು ಯಾವುದು ಅಂತ ಕೇಳಿದರೆ ಊರಿನವರಲ್ಲೇ ಒಮ್ಮತ ಇಲ್ಲ. ಒಬ್ಬರು ಆಗಸ್ಟ್‌ನ ಬೆವರು ಅಂದರು, ಇನ್ನೊಬ್ಬರು ಏಪ್ರಿಲ್‌ನ ಪರಾಗ ಮತ್ತು ಸುಂಟರಗಾಳಿ ಅಂದರು. ಹಾಗಾಗಿ ಎರಡರಲ್ಲೂ ಬಂದು ಇದ್ದೆವು. ಏಪ್ರಿಲ್‌ನಲ್ಲಿ ಸಿಆರ್‌ವಿ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಹಳದಿ ಪುಡಿ. ಇವಳ ಉಬ್ಬಸ ಏನಾಗುತ್ತೋ ಅಂತ ಹೆದರಿದ್ದೆ, ಮಾತ್ರೆಯಲ್ಲೇ ತಡೆಯಿತು.

ಒಂದು ರಾತ್ರಿ ಸೈರನ್ ಕೂಗಿತು. ಆರ್‌ವಿಯಲ್ಲಿ ಕೂರುವ ಹಾಗಿಲ್ಲ, ಪಾರ್ಕಿನವರೆಲ್ಲ ಇಟ್ಟಿಗೆ ಕಟ್ಟಡದ ಲಾಂಡ್ರಿ ರೂಮಿಗೆ ಬಂದರು. ಒಗೆಯುವ ಮೆಷಿನ್ ಮೇಲೆ ಮಕ್ಕಳು, ಕಾಲಡಿಯಲ್ಲಿ ನಾಯಿಗಳು, ಯಾರೋ ಚಿಪ್ಸ್ ಪೊಟ್ಟಣ ಬಿಚ್ಚಿದರು. ಒಂದೂವರೆ ಗಂಟೆ ಮಾಡೋಕೆ ಬೇರೆ ಕೆಲಸ ಇಲ್ಲ, ಅಲ್ವಾ? ಕೆಟ್ಟ ತಿಂಗಳಲ್ಲಿ ಪಾರ್ಕಿನಲ್ಲಿ ಇರುವವರು ಪ್ರವಾಸಿಗಳಲ್ಲ, ಅಲ್ಲೇ ದುಡಿದು ಬಾಳುವವರು. ಅಲ್ಲಿ ರಿಟೈರಾದ ಒಬ್ಬ ಪೋಸ್ಟ್‌ಮ್ಯಾನ್ ಇದ್ದರು. ಯಾವ ರಸ್ತೆಗೆ ಚಿಕಮಾಗಾ ಹೊಳೆಯ ನೀರು ನುಗ್ಗುತ್ತೆ, ಯಾವ ಬೀದಿಯಲ್ಲಿ ಮುದುಕರು ಜಾಸ್ತಿ, ಎಲ್ಲಿ ಮನೆ ಮಾರಾಟಕ್ಕೆ ಬರಲಿದೆ, ಎಲ್ಲ ಅವರ ನಾಲಿಗೆ ತುದಿಯಲ್ಲಿ. "ರೀ, ಪೆನ್ನು ಕೊಡಿ" ಅಂತ ಇವಳು ಡಿಟರ್ಜೆಂಟ್ ಡಬ್ಬಿಯ ರಟ್ಟಿನ ಮೇಲೆ ಬರೆದುಕೊಂಡಳು. ಅದರಲ್ಲಿದ್ದ ಮೂರನೇ ಬೀದಿಯಲ್ಲೇ ಈಗ ನಮ್ಮ ಮನೆ.

ಫೋನ್ ಪರೀಕ್ಷೆಯಲ್ಲಿ ಮೂರು ವಾರಕ್ಕೆ ಡಾಕ್ಟರ್ ಸಿಕ್ಕರು. ಅಟ್ಲಾಂಟಾ ವಿಮಾನ ನಿಲ್ದಾಣ ಎರಡು ಗಂಟೆ ಚಿಲ್ಲರೆ, ಮಗಳ ಮನೆ ಒಂದು ದಿನದ ಡ್ರೈವ್. ಟೆನ್ನೆಸ್ಸಿಯಲ್ಲಿ ಬಡ್ಡಿ, ಡಿವಿಡೆಂಡ್ ಮೇಲಿದ್ದ ಟ್ಯಾಕ್ಸ್ 2021ರಿಂದ ಇಲ್ಲ. ಆದರೆ ದಿನಸಿಗೂ ಸೇಲ್ಸ್ ಟ್ಯಾಕ್ಸ್ ಇದೆ, ಅದು ಚುಚ್ಚುತ್ತೆ. ಊರಿನ ಕರೆಂಟ್ ಕಂಪನಿಯೇ 2010ರಿಂದ ಗಿಗಾಬಿಟ್ ಇಂಟರ್‌ನೆಟ್ ಕೊಡುತ್ತಿದೆ, ಮೊಮ್ಮಗಳ ಮುಖ ವಿಡಿಯೊದಲ್ಲಿ ನಿಲ್ಲದೆ ಓಡುತ್ತೆ. ಮನೆಗೆ 3,40,000 ಡಾಲರ್ ಸುಮಾರು. ಪ್ರಾಪರ್ಟಿ ಟ್ಯಾಕ್ಸ್ ನ್ಯೂಜೆರ್ಸಿಯಲ್ಲಿ ವರ್ಷಕ್ಕೆ 13,000 ಕಟ್ಟುತ್ತಿದ್ದೆ, ಇಲ್ಲಿ ಎರಡೂವರೆ ಸಾವಿರದೊಳಗೆ.

ಲೆಕ್ಕ ಕೇಳುವವರಿಗೆ: ಆರ್‌ವಿಯಲ್ಲಿದ್ದಾಗ ತಿಂಗಳಿಗೆ ಎಲ್ಲ ಸೇರಿ 3,500ರಿಂದ 4,000 ಡಾಲರ್. ರಿಪೇರಿಗೆ ಒಟ್ಟು 11,000 ಹತ್ತಿರ, ಅದರಲ್ಲಿ ಅರ್ಧ ಛಾವಣಿಗೇ ಹೋಯಿತು. ಗಾಡಿ ಮಾರಿದಾಗ 37,000 ಬಂತು. ಹೊಸ ಟೈರಿನ ಡಾಟ್ ಕೋಡ್ ನಾನೇ ತೋರಿಸಿದೆ.

ಮಾಸಿಕ ಬಾಡಿಗೆ ಇಳಿಸೋಕೆ ಮ್ಯಾನೇಜರ್ ಹತ್ತಿರ ನಾನು ಮೊದಲು ಕೇಳುವ ಒಂದು ಪ್ರಶ್ನೆ ಇದೆ. ದುಡ್ಡಿನ ಮಾತಲ್ಲ ಅದು. ಅದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ತಂಗಿ, ಭಾವ ಈ ಜುಲೈನಲ್ಲಿ ಹೊರಡುತ್ತಿದ್ದಾರೆ, ಮೊದಲು ಅವರಿಗೆ ಜಾಗ ಸಿಗಲಿ.