ಎರಡನೇ ಕಂಪ್ರೆಸರ್ ಬಂದ್ ಆದದ್ದು ಹೇಗೆ

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ನಮ್ಮ ಫೌಂಡ್ರಿಯಲ್ಲಿ (ಲೋಹ ಎರಕ ಹೊಯ್ಯುವ ಕಾರ್ಖಾನೆ) ಮೆಷಿನ್‌ಗಳಿಗೆ ಒತ್ತಡದ ಗಾಳಿ ಕೊಡುವ 30 ಎಚ್‌ಪಿಯ ಎರಡು ಸ್ಕ್ರೂ ಕಂಪ್ರೆಸರ್ ಇವೆ. ಈಗ ಓಡುವುದು ಒಂದೇ. ಬೇಕಾದಷ್ಟಕ್ಕೆ ತಕ್ಕಂತೆ ಮೋಟಾರ್ ವೇಗ ಬದಲಿಸುವ ಹೊಸ ವಿಎಫ್‌ಡಿ ಮೆಷಿನ್ ಹಾಕದೆ ಕರೆಂಟ್ ಬಿಲ್ ಇಳಿಯಲ್ಲ ಎಂದು ಮಾರುವವರು 10 ಲಕ್ಷದ ಆಸುಪಾಸು ಕೊಟೇಶನ್ ಕೊಟ್ಟು ಹೋಗಿದ್ದರು. ನನ್ನ ಖರ್ಚು 60 ಸಾವಿರ ದಾಟಲಿಲ್ಲ.

ಭಾನುವಾರ ಎಲ್ಲ ನಿಲ್ಲಿಸಿ, ಲೈನ್ ತುಂಬಿಸಿ, ಒಂದೇ ಕಂಪ್ರೆಸರ್ ಬಿಟ್ಟು ಗಡಿಯಾರ ಹಿಡಿದು ನಿಂತೆ. ಗಾಳಿ ಬಳಸುವವರೇ ಇಲ್ಲ, ಆದರೂ 3 ನಿಮಿಷ ಲೋಡ್ (ಗಾಳಿ ತುಂಬುವುದು), ನಾಲ್ಕೂವರೆ ನಿಮಿಷ ಅನ್‌ಲೋಡ್ (ತುಂಬದೆ ಸುಮ್ಮನೆ ತಿರುಗುವುದು). ಏಳೂವರೆ ನಿಮಿಷದಲ್ಲಿ 3 ನಿಮಿಷ ಅಂದರೆ ನೂರಕ್ಕೆ 40 ಪಾಲು ಸೋರಿಕೆ! ಯಜಮಾನರು ನಂಬಲಿಲ್ಲ. 7 ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತೊಂದೇ ಹೆಚ್ಚುಕಮ್ಮಿ 4 ಕಿಲೋವ್ಯಾಟ್ ತಿನ್ನುತ್ತದೆ ಎಂದು ಮೆಸ್ಕಾಂ ಬಿಲ್ ಮುಂದಿಟ್ಟು ಲೆಕ್ಕ ಹಾಕಿದ ಮೇಲೆ, "ಸರಿ, ಮಾಡಿ ನೋಡಿ ಮಾರಾಯ್ರೆ" ಅಂದರು.

ಲೀಕ್ ಹುಡುಕುವುದು ಸುಲಭ, ನಿಲ್ಲಿಸಿದ್ದು ಮತ್ತೆ ಸೋರದಂತೆ ಇಡುವುದು ಕಷ್ಟ. ಫೆಟ್ಲಿಂಗ್ (ಎರಕ ಕೆರೆದು ನಯ ಮಾಡುವ ಕೆಲಸ) ಹೋಸ್‌ಗಳಿಗೆ ಹಾಕಿದ ಅಗ್ಗದ ಕ್ಲಿಪ್‌ಗಳು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದವು. ಆ ದುಡ್ಡು ಹೋಯಿತು. ನಮ್ಮ ಕಡೆ ಮಳೆ ಹಿಡಿದರೆ ಲೈನಿನಲ್ಲಿ ನೀರೇ ನೀರು, ಆ ನೀರನ್ನು ಆಗಾಗ ತಾನೇ ಹೊರಬಿಡಲೆಂದು ತಂದ ಟೈಮರ್ ಡ್ರೈನ್ ವಾಲ್ವ್‌ಗಳೂ ಕೈಕೊಟ್ಟವು. ಹಳೇ ಜಿಐ ಪೈಪಿನ ತುಕ್ಕಿನ ಪುಡಿ ವಾಲ್ವ್ ಒಳಗಿನ ಸೀಟಿನಲ್ಲಿ ಕೂತು, ವಾಲ್ವ್ ಮುಚ್ಚದೆ ರಾತ್ರಿಯಿಡೀ ಬುಸ್ ಎನ್ನುತ್ತಿತ್ತು. ವಾಲ್ವ್‌ಗಿಂತ ಮೊದಲು ಪುಡಿ ತಡೆಯುವ ಜಾಲರಿ, ಅಂದರೆ ಸ್ಟ್ರೈನರ್ ಕೂರಿಸಿದ ಮೇಲೆ ಆ ಕಾಟ ತಪ್ಪಿತು.

ಲೀಕ್ ಹುಡುಕಲು ಸೋಪು ನೀರಿನ ಬದಲು ಅಂಟುವಾಳದ ನೊರೆ ಹಚ್ಚಿ ನೋಡಿದೆ. ಸಣ್ಣ ಸೋರಿಕೆಗೂ ಗುಳ್ಳೆ ಏಳುತ್ತದೆ, ಬೇಗ ಒಡೆಯುವುದೂ ಇಲ್ಲ. ಅದಕ್ಕೆ ಬೆರೆಸುವ ಇನ್ನೊಂದು ವಸ್ತು ಸದ್ಯ ನನ್ನ ಹತ್ತಿರವೇ ಇರಲಿ.

ಸೋರಿಕೆ ನೂರಕ್ಕೆ 12ರ ಹತ್ತಿರ ಬಂದ ಮೇಲೆ ಒತ್ತಡಕ್ಕೆ ಕೈ ಹಾಕಿದೆ. 1 ಬಾರ್ ಇಳಿಸಿದರೆ ನೂರಕ್ಕೆ 6-7 ಕರೆಂಟ್ ಉಳಿತಾಯ. ಏಳೂವರೆ ಬಾರ್‌ನಿಂದ ಆರೂವರೆಗೆ ಇಷ್ಟಿಷ್ಟೇ ಇಳಿಸುತ್ತ ಬಂದಾಗ ಕೋರ್ ಶೂಟರ್ (ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ಕೋರ್‌ಗಳನ್ನು ಗಾಳಿಯ ಹೊಡೆತದಲ್ಲಿ ಮಾಡುವ ಮೆಷಿನ್) ಹುಡುಗರು "ಗಾಳಿ ಸಾಲ್ತಿಲ್ಲ ಸಾರ್" ಎಂದು ಗಲಾಟೆ ಎಬ್ಬಿಸಿದರು. ಮೂಲೆಯಲ್ಲಿ ಬಿದ್ದಿದ್ದ 500 ಲೀಟರ್ ರಿಸೀವರನ್ನು (ಗಾಳಿ ಕೂಡಿಡುವ ಟ್ಯಾಂಕ್) ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಿ ಅವರ ಮೆಷಿನ್ ಪಕ್ಕವೇ ಕೂರಿಸಿದೆ. ಹೊಡೆತಕ್ಕೆ ಬೇಕಾದ ಗಾಳಿ ಅಲ್ಲೇ ಸಿಕ್ಕಿತು, ದೂರು ನಿಂತಿತು, ಎರಡನೇ ಕಂಪ್ರೆಸರ್ ಬಂದ್ ಆಯಿತು. ತಿಂಗಳಿಗೆ 30-35 ಸಾವಿರ ಉಳಿಯುತ್ತಿದೆ. ಆಗುವುದಿಲ್ಲ ಎಂದವರೇ ಈಗ ಬಂದು ಗೇಜ್ ನೋಡಿ ಹೋಗುತ್ತಾರೆ.

ಈಗ ಓಡುವ ಕಂಪ್ರೆಸರಿನ ಬಿಸಿಗಾಳಿಯನ್ನು ತಗಡಿನ ಡಕ್ಟ್‌ನಲ್ಲಿ ಕೋರ್ ಇಡುವ ಕೋಣೆಗೆ ತಿರುಗಿಸಿದ್ದೇನೆ. ಮಳೆಗಾಲದಲ್ಲಿ ಕೋರ್ ತೇವ ಹೀರಿ ಎರಕದಲ್ಲಿ ಬ್ಲೋಹೋಲ್ (ಗಾಳಿಗುಳ್ಳೆಯ ತೂತು) ಬರುತ್ತಿದ್ದುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಡಕ್ಟ್ ಉದ್ದವಾದರೆ ಕಂಪ್ರೆಸರ್ ಬಿಸಿಯಾಗಿ ಟ್ರಿಪ್ ಆಗುತ್ತದೆ. ಕೊನೆಯಲ್ಲೊಂದು ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.