ಎಡಗಡೆ ಚಕ್ರ ಮಾತ್ರ ಯಾಕೆ ಬಿಸಿಯಾಗುತ್ತಿತ್ತು? ಮನೆಯಲ್ಲೇ ಬ್ರೇಕ್ ಪ್ಯಾಡ್ ಹಾಕಿದ ನನ್ನ ಅನುಭವ

ನಂದಿ ಬೆಟ್ಟ ಇಳಿಯುವಾಗ ಮುಂದಿನ ಎಡಗಡೆ ಚಕ್ರದಿಂದ ಕೀಂಯ್ ಅಂತ ಸದ್ದು ಶುರುವಾಯಿತು. ಎರಡನೇ ಗೇರಿನಲ್ಲೇ ಇಳಿಸುತ್ತಿದ್ದೆ, ಬ್ರೇಕ್ ಜಾಸ್ತಿ ತುಳಿದಿರಲಿಲ್ಲ. ಚಿಕ್ಕಬಳ್ಳಾಪುರಕ್ಕೆ ಬಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿದರೆ ಬಲಗಡೆಗಿಂತ ಎಡಗಡೆಯದು ತುಂಬಾ ಬಿಸಿ. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಸುಮ್ನೆ ಬಿಡೋಕೆ ಮನಸ್ಸು ಬರಲಿಲ್ಲ.

ಮರುದಿನ ಮನೆ ಮುಂದಿನ ಸಿಮೆಂಟ್ ನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿಕೊಂಡು ಆಮೇಲೆ ಜಾಕಿ ಏರಿಸಿದೆ. ಜಾಕಿ ಒಂದನ್ನೇ ನಂಬಬೇಡಿ. ನಾನು ಗಾಡಿಯ ಭಾರ ಹೊರುವ ಸ್ಟ್ಯಾಂಡ್ ಕೊಟ್ಟೆ, ಬಿಚ್ಚಿದ ಚಕ್ರವನ್ನೂ ಗಾಡಿಯ ಅಡಿಗೆ ತಳ್ಳಿದೆ.

ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ಬಿಚ್ಚಿ ಮೇಲೆತ್ತಿದರೆ ಪ್ಯಾಡ್ ಕೈಗೆ ಬರುತ್ತದೆ. ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಲೋಹದ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿಯುವ ಭಾಗ, ಡಿಸ್ಕಿಗೆ ಒತ್ತಿ ಉಜ್ಜುವ ತುಂಡುಗಳೇ ಪ್ಯಾಡ್. ಒಳಗಿನ ಪ್ಯಾಡ್ 2 ಮಿ.ಮೀ. ಉಳಿದಿತ್ತು, ಹೊರಗಿನದು ಇನ್ನೂ ಅರ್ಧ ಇತ್ತು. ಎರಡೂ ಒಂದೇ ಸಮ ಸವೆಯಬೇಕಲ್ವಾ? ಬ್ರೇಕ್ ತುಳಿದಾಗ ಕ್ಯಾಲಿಪರ್ ಒಳಗಿನ ಪಿಸ್ಟನ್ ಬ್ರೇಕ್ ಆಯಿಲ್ ಒತ್ತಡಕ್ಕೆ ಮುಂದೆ ಬಂದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನದನ್ನೂ ಎಳೆದು ಒತ್ತಬೇಕು. ನನ್ನ ಗಾಡಿಯಲ್ಲಿ ಒಂದು ಪಿನ್ ಅಲ್ಲಾಡುತ್ತಲೇ ಇರಲಿಲ್ಲ. ಪಿನ್ನಿಗೆ ಹೊದಿಸಿದ ರಬ್ಬರ್ ಬೂಟ್ ಹರಿದು, ಒಳಗೆ ನೀರು ಸೇರಿ ತುಕ್ಕು ಹಿಡಿದಿತ್ತು. ಹಾಗಾಗಿ ಕ್ಯಾಲಿಪರ್ ಸರಿಯಾಗಿ ಜಾರದೆ ಒಳಗಿನ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇತ್ತು, ಚಕ್ರ ಬಿಸಿಯಾಗಿದ್ದೂ ಅದಕ್ಕೇ. ಹೊಸ ಪ್ಯಾಡ್ ಹಾಕಿ ಮುಚ್ಚಿದ್ದರೆ ಅದೂ ಹೀಗೇ ಸವೆಯುತ್ತಿತ್ತು.

ಪಿನ್ ತೆಗೆಯೋಕೆ ಒಂದು ಗಂಟೆ ಹಿಡಿಯಿತು. ತುಕ್ಕು ಉಜ್ಜಿ, ಬೂಟ್ ಬದಲಿಸಿ, ರಬ್ಬರಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸ್ ಸವರಿದೆ. ಪ್ಯಾಡಿನ ಮುಖಕ್ಕೂ ಡಿಸ್ಕಿಗೂ ಗ್ರೀಸ್ ತಾಗಲೇಬಾರದು. ಅಷ್ಟು ಹೊತ್ತೂ ಕ್ಯಾಲಿಪರನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿದ್ದೆ, ಬ್ರೇಕ್ ಆಯಿಲ್ ಬರುವ ಹೋಸ್ ಪೈಪಿನ ಮೇಲೆ ಭಾರ ಬಿಡಬಾರದು. ಧೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಹೊಸ ಪ್ಯಾಡ್ ದಪ್ಪ ಇರುವುದರಿಂದ ಪಿಸ್ಟನ್ನನ್ನು ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ತಳ್ಳಬೇಕು. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಅದು ಪೇಂಟಿನ ಮೇಲೆ ಬಿದ್ದರೆ ಪೇಂಟ್ ಹಾಳು. ಬಲಗಡೆಯದನ್ನೂ ಅದೇ ದಿನ ಬದಲಿಸಿದೆ. ಒಂದೇ ಕಡೆ ಹಾಕಿದರೆ ಬ್ರೇಕ್ ತುಳಿದಾಗ ಗಾಡಿ ಪಕ್ಕಕ್ಕೆ ಎಳೆಯಬಹುದು.

ಕೆಲಸ ಮುಗಿಯಿತು ಅಂತ ಹಾಗೇ ಹೊರಡಬೇಡಿ. ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ಹಲವು ಸಲ ತುಳಿಯಿರಿ, ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಹಿಡಿಯುವುದೇ ಇಲ್ಲ. ನಾನು ಓಣಿಯಲ್ಲೇ ನಿಧಾನವಾಗಿ ಪರೀಕ್ಷಿಸಿ, ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಮೆಲ್ಲಗೆ ಬ್ರೇಕ್ ಹಿಡಿಯುತ್ತಾ ಹತ್ತಾರು ಸಲ ಓಡಿಸಿದೆ. ಸದ್ದು ಇರಲಿಲ್ಲ. ಮನೆಗೆ ಬಂದು ಎರಡೂ ಚಕ್ರದ ಹತ್ತಿರ ಕೈ ಹಿಡಿದೆ, ಎರಡೂ ಒಂದೇ ಸಮ ಬೆಚ್ಚಗಿದ್ದವು.